ವಾರದ ಮನೆಯೂ ಪರದೇಶದ ವಿದ್ಯಾರ್ಥಿಯೂ

ಭಾರತದಲ್ಲಿ ಕೋವಿಡ್ ರೋಗದ ಮೊದಲ ಪ್ರಕರಣವು ಖಚಿತವಾದುದು 2020ರ ಜನವರಿ 30ರಂದು. ರೋಗಿಯು ಕೇರಳದ ಒಬ್ಬ ತರುಣಿ; ಚೀನಾ ದೇಶದ ವುಹಾನ್ ನಗರದಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದು ಊರಿಗೆ ಮರಳಿದ್ದವಳು. ಆಕೆಗೆ ತಗಲಿದುದು ಇದೇ ರೋಗವೆಂದು ನಿರ್ಣಯಿಸಿದುದು ಪುಣೆಯ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆ. ಈ ಸಂಸ್ಥೆಯು ಕನ್ನಡಿಗರಿಗೆ ಅಪರಿಚಿತವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರೂ ಜ್ವರಕ್ಕೆ ತುತ್ತಾದಾಗ, ಮಂಗನ ಕಾಯಿಲೆಯ ವಿಷಾಣುವನ್ನು ಗುರುತಿಸಿದವರು ಇದೇ ಸಂಸ್ಥೆಯ ವಿಜ್ಞಾನಿಗಳು. ಆಗ ಅದಕ್ಕೆ ವೈರಸ್ ಸಂಶೋಧನ ಕೇಂದ್ರವೆಂಬ ಹೆಸರಿತ್ತು.

ಹೀಗೆ ದೇಶದ ಮೊದಲ ಕೋವಿಡ್ ರೋಗಿಯು ಪರದೇಶಕ್ಕೆ ಓದಲು ಹೋಗಿದ್ದ ಒಬ್ಬ ವಿದ್ಯಾರ್ಥಿನಿ. ಆ ಬಳಿಕ ಮೂರು ವರ್ಷಗಳ ಕಾಲ ರೋಗಿಗಳೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕವನ್ನು ಸರಕಾರಗಳು ಪ್ರಕಟಿಸುತ್ತ ಬಂದವು. ಆದರೆ ಶ್ವಾಸಕೋಶದ ರೋಗದ ಜೊತೆಜೊತೆಗೇ ಹರಡಿದ ಇನ್ನೊಂದು ವ್ಯಾಧಿಯ ಲೆಕ್ಕವನ್ನು ಯಾರೂ ಹಾಗೆ ಇಡಲಿಲ್ಲ. ಅದು ಒಂಟಿತನ. ಮುದುಕರನ್ನೂ, ರೋಗಿಗಳನ್ನೂ, ಕೂಲಿಕಾರರನ್ನೂ ಅದು ಬಾಧಿಸಿತೆಂಬುದನ್ನು ಎಲ್ಲರೂ ಬಲ್ಲರು. ತಮ್ಮ ನಾಡನ್ನು ಬಿಟ್ಟು ಪುಣೆಯಂಥ ಊರಿನಲ್ಲಿ ಒಂದು ಕೋಣೆ ಹಿಡಿದು ಉನ್ನತ ವ್ಯಾಸಂಗ ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳನ್ನು ಅದು ಹೇಗೆ ಕಾಡಿತೆಂಬುದನ್ನು ಮಾತ್ರ ಹೆಚ್ಚು ಜನ ವಿಚಾರಿಸಲಿಲ್ಲ. ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಊರು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ ಪುಣೆಯ ಕನ್ನಡಿಗರು ಈ ವಿಷಯವನ್ನು ವಿಚಾರಿಸುವುದು ಉಚಿತವೇ ಆಗಿದೆ.

ಬಂದವರು ಯಾರು?

ಕೇಂದ್ರ ಸರಕಾರವು ನಡೆಸುವ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019–20ರಲ್ಲಿ, ಅಂದರೆ ಮಹಾಮಾರಿಯು ಕಾಲಿಟ್ಟ ವರ್ಷದಲ್ಲಿ, ಭಾರತದಲ್ಲಿ 168 ದೇಶಗಳ 49,348 ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ ನೂರಕ್ಕೆ 28 ಮಂದಿ ನೇಪಾಳದವರು, 9 ಮಂದಿ ಅಫಘಾನಿಸ್ತಾನದವರು. ಉಳಿದವರಲ್ಲಿ ಬಾಂಗ್ಲಾದೇಶ, ಭೂತಾನ, ಸುಡಾನ ಮೊದಲಾದ ದೇಶಗಳವರು ಮುಖ್ಯರು. ಇಂಥ ವಿದ್ಯಾರ್ಥಿಗಳನ್ನು ಅತ್ಯಧಿಕ ಸಂಖ್ಯೆಯಲ್ಲಿ ಬರಮಾಡಿಕೊಂಡ ರಾಜ್ಯವು ಕರ್ನಾಟಕವೇ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಮಹಾರಾಷ್ಟ್ರದಲ್ಲಿ ಅವರನ್ನು ಬಹುಕಾಲದಿಂದ ಸೆಳೆಯುತ್ತ ಬಂದ ಊರು ಪುಣೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, ಡೆಕ್ಕನ್ ಕಾಲೇಜು, ಸಿಂಬಯೋಸಿಸ್, ಹಲವಾರು ಖಾಸಗಿ ಮಹಾವಿದ್ಯಾಲಯಗಳು ಇವುಗಳಲ್ಲಿ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾ ಖಂಡದ ತರುಣ ತರುಣಿಯರು ಓದಿ ಹೋಗಿದ್ದಾರೆ, ಇಂದಿಗೂ ಓದುತ್ತಿದ್ದಾರೆ.

ಇವರಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳ ಸ್ಥಿತಿಗೂ ಸ್ನಾತಕೋತ್ತರ ಹಾಗೂ ಪಿಎಚ್.ಡಿ. ವಿದ್ಯಾರ್ಥಿಗಳ ಸ್ಥಿತಿಗೂ ಬಹಳ ಅಂತರವಿದೆ. ಪದವಿಯ ತರಗತಿಯಲ್ಲಿ ಅರವತ್ತು ಎಪ್ಪತ್ತು ಮಂದಿ ಸಹಪಾಠಿಗಳಿರುತ್ತಾರೆ. ದಿನಕ್ಕೆ ನಾಲ್ಕು ಪಾಠಗಳು, ಆಟ, ಹರಟೆ ಎಲ್ಲವೂ ಉಂಟು. ಸಂಶೋಧನ ವಿದ್ಯಾರ್ಥಿಗೆ ತರಗತಿಯೇ ಇಲ್ಲವೆನ್ನಬಹುದು. ಒಬ್ಬ ಮಾರ್ಗದರ್ಶಕರು, ಒಂದು ಗ್ರಂಥಾಲಯ ಅಥವಾ ಪ್ರಯೋಗಶಾಲೆ, ಒಂದು ವಿಷಯ, ಒಂದು ಕೋಣೆ, ಇಷ್ಟೇ ಅವನ ಜಗತ್ತು. ವಯಸ್ಸಿನಲ್ಲಿಯೂ ಅವನು ಹಿರಿಯ. ಎಷ್ಟೋ ಸಲ ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು, ವಿದ್ಯಾರ್ಥಿವೇತನದಲ್ಲಿಯೇ ಒಂದಿಷ್ಟು ಉಳಿಸಿ ಮನೆಗೆ ಕಳಿಸಬೇಕಾದವನು. ಶಿಷ್ಯವೇತನಕ್ಕೂ ವೀಸಾಕ್ಕೂ ಅವಧಿಯ ಮಿತಿ ಇರುವುದರಿಂದ ಆರು ತಿಂಗಳು ವ್ಯರ್ಥವಾದರೆ ಅವನ ಪಾಲಿಗೆ ಅದು ಸಣ್ಣ ನಷ್ಟವಲ್ಲ.

ಬಾಗಿಲು ಮುಚ್ಚಿದ ದಿನಗಳು

ಪುಣೆಯಲ್ಲಿ ಕೋವಿಡ್ ಮೊದಲು ಕಂಡುದು 2020ರ ಮಾರ್ಚ್ 9ರಂದು. ದುಬೈಯಿಂದ ಮರಳಿದ್ದ ಇಬ್ಬರಲ್ಲಿ ಅಂದು ಪತ್ತೆಯಾದ ರೋಗವೇ ಮಹಾರಾಷ್ಟ್ರದ ಮೊದಲ ಪ್ರಕರಣವೂ ಆಗಿತ್ತು. ಅದೇ ತಿಂಗಳ 20ರಂದು ಇರಾನಿನವರಿಗೂ ಅನೇಕ ಅಫಘಾನರಿಗೂ ಹೊಸ ವರ್ಷದ ಹಬ್ಬವಾದ ನವ್ರೋಜ್. ಹಬ್ಬವಾಗಿ ಮೂರನೆಯ ದಿನಕ್ಕೆ ದೇಶದೊಳಗೆ ಬರುವ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಐದನೆಯ ದಿನಕ್ಕೆ ಇಡೀ ದೇಶಕ್ಕೆ ಬೀಗ ಬಿದ್ದಿತು. ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರವು ಪೂರ್ಣವಾಗಿ ಮತ್ತೆ ಆರಂಭವಾದುದು 2022ರ ಮಾರ್ಚ್ 27ರಂದು, ಅಂದರೆ ಎರಡು ವರ್ಷಗಳ ನಂತರ.

ಈ ಅವಧಿಯಲ್ಲಿ ಏನೇನು ನಿಂತಿತೆಂಬುದನ್ನು ವಿಚಾರ ಮಾಡಿದರೆ ವಿದೇಶಿ ವಿದ್ಯಾರ್ಥಿಯ ಪಾಡು ಅರ್ಥವಾಗುತ್ತದೆ. ಗ್ರಂಥಾಲಯ ಮುಚ್ಚಿತು; ಪ್ರಯೋಗಶಾಲೆ ಮುಚ್ಚಿತು. ವಸತಿಗೃಹದಲ್ಲಿದ್ದ ಭಾರತೀಯ ಸಹಪಾಠಿಗಳು ಸಿಕ್ಕ ಬಸ್ಸು ಹಿಡಿದು ಲಾತೂರಿಗೋ ಬೆಳಗಾವಿಗೋ ಹೊರಟುಹೋದರು. ಖಾನಾವಳಿಗಳೂ ಉಡುಪಿ ಹೋಟೆಲುಗಳೂ ಬಾಗಿಲೆಳೆದವು. ಅಡಿಗೆಯ ಅನುಕೂಲವಿಲ್ಲದ ಕೋಣೆಯಲ್ಲಿ ಎರಡು ಹೊತ್ತು ಖಾನಾವಳಿಯ ಊಟವನ್ನೇ ನಂಬಿಕೊಂಡಿದ್ದವನಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಕೊನೆಯಲ್ಲಿ ರಂಜಾನ್ ತಿಂಗಳು ಬಂದಿತು. ಹತ್ತು ಜನ ಕೂಡಿ ಉಪವಾಸ ಬಿಡುವ ರೂಢಿಯಿದ್ದ ಸುಡಾನಿನ, ಯೆಮೆನಿನ ವಿದ್ಯಾರ್ಥಿಗಳು ತಿಂಗಳಿಡೀ ಮುಚ್ಚಿದ ಬಾಗಿಲಿನ ಹಿಂದೆಯೇ ಖರ್ಜೂರ ತಿಂದು ನೀರು ಕುಡಿಯಬೇಕಾಯಿತು.

ಕಾನೂನು ಅವರನ್ನು ಪೂರ್ತಿ ಮರೆಯಲಿಲ್ಲ ಎಂಬುದನ್ನು ಹೇಳುವುದು ನ್ಯಾಯ. ಸಿಕ್ಕಿಬಿದ್ದ ವಿದೇಶಿಯರ ವೀಸಾ ಅವಧಿಯನ್ನು ಸರಕಾರವು ಶುಲ್ಕವಿಲ್ಲದೆ ವಿಸ್ತರಿಸಿತು. ಆದರೆ ಮರೆವು ಬೇರೆ ಕಡೆಯಿಂದ ಬಂದಿತು. ಪುಣೆಯ ಹಡಪಸರದಲ್ಲಿರುವ ಸೀರಂ ಸಂಸ್ಥೆಯು ತಯಾರಿಸಿದ ಕೋವಿಶೀಲ್ಡ್ ಲಸಿಕೆಯು 2021ರ ಜನವರಿಯಿಂದ ದೇಶದ ಮೂಲೆಮೂಲೆಗೆ ಹೋಯಿತು. ಸಮುದ್ರ ದಾಟಿಯೂ ಹೋಯಿತು. ಆ ವರ್ಷದ ಮೇ 1ರಿಂದ 18 ವರ್ಷ ದಾಟಿದ ಎಲ್ಲರಿಗೂ ಲಸಿಕೆಯ ಬಾಗಿಲು ತೆರೆಯಿತು. ಆದರೆ ಭಾರತದಲ್ಲಿ ವಾಸಿಸುವ ವಿದೇಶಿಯರು ತಮ್ಮ ಪಾಸ್‌ಪೋರ್ಟನ್ನೇ ಗುರುತುಪತ್ರವಾಗಿ ತೋರಿಸಿ ಕೋವಿನ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬಹುದೆಂದು ಕೇಂದ್ರ ಸರಕಾರವು ಪ್ರಕಟಿಸಿದುದು ಆಗಸ್ಟ್ 9ರಂದು. ಲಸಿಕೆಯು ತಯಾರಾಗುವ ಊರಿನಲ್ಲಿಯೇ ಇದ್ದವರಿಗೆ ಈ ಸ್ಪಷ್ಟನೆ ದೊರೆಯಲು ಮೂರು ತಿಂಗಳು ಹಿಡಿಯಿತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಪಟ್ಟಿಯನ್ನು ಬರೆಯುವಾಗ ಅವರ ನೆನಪು ಯಾರಿಗೂ ಆಗಲಿಲ್ಲ, ಅಷ್ಟೆ.

ಆ ಪ್ರಕಟಣೆಯಾದ ವಾರದೊಳಗೇ, ಆಗಸ್ಟ್ 15ರಂದು, ಕಾಬೂಲ್ ನಗರವು ತಾಲಿಬಾನರ ವಶವಾಯಿತು. ಪುಣೆಯಲ್ಲಿದ್ದ ಅಫಘಾನ ವಿದ್ಯಾರ್ಥಿಗಳಿಗೆ ಮರಳಲು ಊರಿರಲಿಲ್ಲ. ಬೇರೊಂದು ಗುಂಪಿನ ಸ್ಥಿತಿಯು ಇದಕ್ಕಿಂತ ಕಷ್ಟದ್ದಾಯಿತು. ಮಹಾಮಾರಿಯ ಕಾಲದಲ್ಲಿ ಊರಿಗೆ ಹೋಗಿ, ದೂರದಿಂದಲೇ ಭಾರತದ ಪಾಠಗಳನ್ನು ಕೇಳುತ್ತಿದ್ದ ಅಫಘಾನ ವಿದ್ಯಾರ್ಥಿಗಳು ಹಲವರಿದ್ದರು. ಆಗಸ್ಟ್ 25ರಂದು, ಭಾರತದ ಹೊರಗಿದ್ದ ಅಫಘಾನ ಪ್ರಜೆಗಳಿಗೆ ಹಿಂದೆ ಕೊಟ್ಟಿದ್ದ ವೀಸಾಗಳೆಲ್ಲ ಅಸಿಂಧುವೆಂದು ಘೋಷಿತವಾದವು. ಅರ್ಧ ಬರೆದ ಪ್ರಬಂಧ ಒಂದು ದೇಶದಲ್ಲಿ, ಬರೆಯುವವನು ಇನ್ನೊಂದು ದೇಶದಲ್ಲಿ ಎಂಬಂತಾಯಿತು.

ಎಲ್ಲೆಡೆಯೂ ಇದೇ ಪಾಡು

ಇದು ಪುಣೆಗೆ ಮಾತ್ರ ಮೀಸಲಾದ ಕಥೆಯಲ್ಲ. 2020ರ ಮೇ ತಿಂಗಳಿನಿಂದ ಜುಲೈ ತಿಂಗಳವರೆಗೆ ಅಮೇರಿಕದ ಒಂಬತ್ತು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ 15,000ಕ್ಕೂ ಹೆಚ್ಚು ಸ್ನಾತಕೋತ್ತರ ಹಾಗೂ ವೃತ್ತಿಶಿಕ್ಷಣದ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಲ್ಲಿ ನೂರಕ್ಕೆ 32 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳೂ, 39 ಮಂದಿಯಲ್ಲಿ ವಿಪರೀತ ಆತಂಕದ ಲಕ್ಷಣಗಳೂ ಕಂಡುಬಂದವು. ಇವು ಪ್ರಶ್ನಾವಳಿಯಿಂದ ದೊರೆತ ಲಕ್ಷಣಗಳೇ ಹೊರತು ವೈದ್ಯರ ರೋಗನಿರ್ಣಯವಲ್ಲ. ಆದರೂ ಮೂವರಲ್ಲಿ ಒಬ್ಬರೆಂಬುದು ಅಲಕ್ಷಿಸುವ ಸಂಖ್ಯೆಯಲ್ಲ.

ಪರದೇಶದಲ್ಲಿ ಮಕ್ಕಳನ್ನು ಓದಿಸುತ್ತಿರುವ ಪುಣೆಯ ಕನ್ನಡ ಮನೆಗಳಿಗೆ ಆ ದಿನಗಳ ನೆನಪು ಇನ್ನೂ ಹಸಿಯಾಗಿಯೇ ಇದೆ. 2020ರ ಏಪ್ರಿಲ್ 3ರಂದು ಆಸ್ಟ್ರೇಲಿಯದ ಪ್ರಧಾನಿ ಸ್ಕಾಟ್ ಮಾರಿಸನ್ ಅವರು, ತಮ್ಮ ಖರ್ಚನ್ನು ತಾವು ನೋಡಿಕೊಳ್ಳಲಾರದ ವಿದೇಶಿ ವಿದ್ಯಾರ್ಥಿಗಳು ತಮ್ಮ ದೇಶಕ್ಕೆ ಮರಳುವುದು ಒಳಿತೆಂಬ ಅರ್ಥದ ಮಾತನ್ನಾಡಿದರು. ಮರಳಲು ವಿಮಾನವೇ ಇಲ್ಲದ ವಾರವದು. ಜುಲೈ 6ರಂದು ಅಮೇರಿಕವು, ಪಾಠಗಳೆಲ್ಲ ದೂರದಿಂದಲೇ ನಡೆಯುವ ವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳು ದೇಶದಲ್ಲಿ ಉಳಿಯುವಂತಿಲ್ಲವೆಂದು ಆಜ್ಞೆ ಹೊರಡಿಸಿತು. ಹಾರ್ವರ್ಡ್ ವಿಶ್ವವಿದ್ಯಾಲಯವೂ ಎಂ.ಐ.ಟಿ. ಸಂಸ್ಥೆಯೂ ನ್ಯಾಯಾಲಯಕ್ಕೆ ಹೋದ ಮೇಲೆ ಜುಲೈ 14ರಂದು ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆ ಎಂಟು ದಿನ ಕೋಥರೂಡಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಎಷ್ಟೋ ತಂದೆತಾಯಿಗಳು ನಿದ್ದೆ ಮಾಡಲಿಲ್ಲ. ಅಲ್ಲಿ ನೆರೆಮನೆಯವರು ಯಾರಾದರೂ ಮಗಳ ಬಾಗಿಲು ತಟ್ಟಿ ‘ಊಟವಾಯಿತೇ’ ಎಂದು ಕೇಳಿಯಾರೇ ಎಂಬುದೇ ಅವರ ಹಂಬಲವಾಗಿತ್ತು. ತಮ್ಮ ಬೀದಿಯ ಕೊನೆಯ ಕೋಣೆಯಲ್ಲಿದ್ದ ಸುಡಾನಿನ ವಿದ್ಯಾರ್ಥಿಯ ತಾಯಿಗೂ ಅದೇ ಹಂಬಲವಿದ್ದಿರಬೇಕೆಂಬುದು ಹೊಳೆಯುವುದು ಮಾತ್ರ ಅಷ್ಟು ಸುಲಭವಲ್ಲ.

ಒಂಟಿತನವು ಬರಿಯ ಮನಸ್ಸಿನ ಬೇಸರವೆಂದು ತಳ್ಳಿಹಾಕುವ ಕಾಲ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2025ರ ಜೂನ್ 30ರಂದು ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಾರೆ. ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ಸಂಬಂಧವಿದೆಯೆಂದು ಅಂದಾಜು. ಹೃದಯದ ಬೇನೆ, ಪಾರ್ಶ್ವವಾಯು, ಮಧುಮೇಹ, ಖಿನ್ನತೆ ಇವುಗಳ ಅಪಾಯವನ್ನು ಅದು ಹೆಚ್ಚಿಸುತ್ತದೆ. ಮುದುಕರಲ್ಲಿ ಮಾತ್ರವಲ್ಲ, ತರುಣರಲ್ಲಿಯೂ ಅದು ವ್ಯಾಪಕವಾಗಿದೆಯೆಂಬುದು ಆ ವರದಿಯ ಮುಖ್ಯ ಎಚ್ಚರಿಕೆಗಳಲ್ಲೊಂದು.

ಕಿಟಕಿಯಿಂದ ಬಂದ ಊಟ

ಪುಣೆಯ ಶಿಕ್ಷಣದ ಇತಿಹಾಸದಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗವಿದೆ. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿಯೂ ವಸತಿಗೃಹದ ಮೇಲ್ವಿಚಾರಕರಾಗಿಯೂ ಇದ್ದ ಡಾ. ಶಾಂ. ಬ. ಮುಜುಮದಾರರು, ಒಬ್ಬ ತರುಣಿಯು ಕಿಟಕಿಯ ಮೂಲಕ ಒಳಗಿದ್ದ ವಿದ್ಯಾರ್ಥಿಗೆ ಊಟ ಕೊಡುತ್ತಿದ್ದುದನ್ನು ಕಂಡರು. ವಿಚಾರಿಸಿದಾಗ, ಆ ವಿದ್ಯಾರ್ಥಿಯು ಮಾರಿಷಸ್ ದೇಶದವನು, ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದಾನೆ, ಊಟದ ಮನೆಗೆ ಹೋಗುವ ಶಕ್ತಿಯೂ ಅವನಿಗಿಲ್ಲವೆಂದು ತಿಳಿಯಿತು. ಪರದೇಶದ ವಿದ್ಯಾರ್ಥಿಗಳಿಗೆ ಈ ಊರಿನಲ್ಲಿ ತಮ್ಮವರೆನ್ನುವವರಿಲ್ಲ ಎಂಬ ಅರಿವಿನಿಂದ ಅವರು 1971ರಲ್ಲಿ ಸಿಂಬಯೋಸಿಸ್ ಸಂಸ್ಥೆಯನ್ನು ಸ್ಥಾಪಿಸಿದರು. ಎರಡು ಭಿನ್ನ ಜೀವಿಗಳು ಒಟ್ಟಿಗೆ ಬಾಳುವ ಸಹಜೀವನವನ್ನು ಸೂಚಿಸುವ ಈ ಪದವನ್ನು ಅವರು ತಮ್ಮ ಸಸ್ಯಶಾಸ್ತ್ರದಿಂದಲೇ ಆಯ್ದುಕೊಂಡರು.

ಇಂದು ಅದು ದೊಡ್ಡ ವಿಶ್ವವಿದ್ಯಾಲಯವಾಗಿದೆ. ಆದರೆ ಇಲ್ಲಿ ಗಮನಿಸತಕ್ಕದ್ದು ಆ ಬೆಳವಣಿಗೆಯನ್ನಲ್ಲ. ಆ ವಿದ್ಯಾರ್ಥಿಯ ಕಾಮಾಲೆಯನ್ನು ಮೊದಲು ಬಲ್ಲವರು ಯಾರು? ಕಚೇರಿಯಲ್ಲ, ದಾಖಲೆಯ ಪುಸ್ತಕವಲ್ಲ. ಅವನು ಊಟಕ್ಕೆ ಬಾರದಿದ್ದುದನ್ನು ಗಮನಿಸಿದ ಒಬ್ಬ ಪರಿಚಿತಳು. ಆರೋಗ್ಯ ರಕ್ಷಣೆಯ ಮೊದಲ ಮೆಟ್ಟಿಲು ವೈದ್ಯನಲ್ಲ. ‘ಈ ಹೊತ್ತು ಇವನು ಕಾಣಲಿಲ್ಲವಲ್ಲ’ ಎಂದು ಯಾರಿಗಾದರೂ ಅನಿಸುವುದೇ ಮೊದಲ ಮೆಟ್ಟಿಲು. 2020ರಲ್ಲಿ ವಿದೇಶಿ ವಿದ್ಯಾರ್ಥಿಗೆ ಇಲ್ಲದೆ ಹೋದುದು ಮುಖ್ಯವಾಗಿ ಇದೇ. ಸಹಾಯವಾಣಿಗಳಿದ್ದವು, ಸುತ್ತೋಲೆಗಳಿದ್ದವು, ದೂರದರ್ಶನದ ಸಲಹೆಗಳಿದ್ದವು. ಅವೆಲ್ಲವೂ ಅವನಾಗಿಯೇ ಕೇಳಿದರೆ ಉತ್ತರಿಸುವಂಥವು. ಖಿನ್ನತೆಯ ಸ್ವಭಾವವೋ ಕೇಳುವ ಶಕ್ತಿಯನ್ನೇ ಮೊದಲು ಕಸಿಯುವಂಥದು.

ವಾರಾನ್ನದ ಪಾಠ

ಕೇಳದೆಯೇ ವಿಚಾರಿಸುವ ಒಂದು ವ್ಯವಸ್ಥೆಯು ಕನ್ನಡ ನಾಡಿನಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹಿಂದೆ ಇತ್ತು. ಅದೇ ವಾರಾನ್ನ. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನಿಗೆ ಏಳು ಮನೆಗಳು ವಾರಕ್ಕೊಂದು ದಿನ ಊಟ ಹಾಕುತ್ತಿದ್ದವು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ವಾರದ ಮನೆಗಳಲ್ಲಿ ಉಂಡು ಓದಿ ಮುಂದೆ ಶಿಕ್ಷಕರೂ, ವಕೀಲರೂ, ಸಾಹಿತಿಗಳೂ ಆದವರು ಕನ್ನಡದಲ್ಲಿ ಅನೇಕರು. ಅದರ ದೋಷಗಳನ್ನು ಮುಚ್ಚಿಡುವುದು ಸಲ್ಲದು. ಅದು ಬಹುಮಟ್ಟಿಗೆ ಜಾತಿಯ ಎಲ್ಲೆಯೊಳಗೇ ನಡೆಯುತ್ತಿತ್ತು. ಕೆಲವೆಡೆ ಹುಡುಗನನ್ನು ಮನೆಗೆಲಸದ ಆಳಿನಂತೆ ಕಾಣುತ್ತಿದ್ದರು. ಉಂಡವನು ಜನ್ಮವಿಡೀ ಋಣದ ಮಾತು ಕೇಳಬೇಕಾಗುತ್ತಿತ್ತು. ಉಚಿತ ಪ್ರಸಾದ ನಿಲಯಗಳೂ ಸರಕಾರಿ ವಸತಿಗೃಹಗಳೂ ಬಂದು ವಾರಾನ್ನವು ಮರೆಯಾದುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಆದರೆ ಅದರಲ್ಲಿ ಅನ್ನದಾನಕ್ಕಿಂತ ಮಿಗಿಲಾದ ಒಂದು ಗುಣವಿತ್ತು. ಹುಡುಗನನ್ನು ಏಳು ಮನೆಯವರು ಬಲ್ಲವರಾಗಿದ್ದರು. ಮಂಗಳವಾರ ಜ್ವರ ಬಂದು ಮಲಗಿದರೆ ಆ ದಿನದ ಮನೆಯಾಕೆಗೆ ತಟ್ಟೆ ಉಳಿದುದರಿಂದಲೇ ಸುದ್ದಿ ತಿಳಿಯುತ್ತಿತ್ತು. ಅವನ ಮುಖ ಬಾಡಿದ್ದರೆ, ಅವನು ಅರ್ಧ ಊಟಕ್ಕೇ ಎದ್ದರೆ, ಗಮನಿಸುವ ಏಳು ಜೊತೆ ಕಣ್ಣುಗಳಿದ್ದವು. ಪ್ರಸಾದ ನಿಲಯದ ಸಾಲಿನಲ್ಲಿ ಅಷ್ಟು ಕಣ್ಣುಗಳಿಲ್ಲ. ಮನೆಬಾಗಿಲಿಗೆ ಊಟದ ಪೊಟ್ಟಣ ತರುವ ಇಂದಿನ ವ್ಯವಸ್ಥೆಯಲ್ಲಿ ಒಂದು ಜೊತೆಯೂ ಇಲ್ಲ. ವಾರಾನ್ನದ ದೋಷಗಳನ್ನು ತೆಗೆದುಹಾಕಿ ಈ ಒಂದು ಗುಣವನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದು ವಿಚಾರಿಸಬೇಕಾದ ಪ್ರಶ್ನೆ. ಸಾಧ್ಯವೆಂದೇ ಹೇಳಬೇಕು. ಪುಣೆಯ ಕನ್ನಡ ಕುಟುಂಬಗಳು ನಾಲ್ಕು ನಾಲ್ಕಾಗಿ ಕೂಡಿ ಒಬ್ಬ ವಿದೇಶಿ ಸಂಶೋಧನ ವಿದ್ಯಾರ್ಥಿಯನ್ನು ತಮ್ಮವನನ್ನಾಗಿ ಮಾಡಿಕೊಂಡರೆ, ಒಂದು ಮನೆಗೆ ಬೀಳುವ ಹೊರೆ ತಿಂಗಳಿಗೆ ಒಂದು ಭಾನುವಾರದ ಊಟ. ಉಳಿದ ದಿನಗಳಲ್ಲಿ ಎರಡು ನಿಮಿಷದ ದೂರವಾಣಿ ಮಾತು ಸಾಕು.

ಅತಿಥಿಯಲ್ಲ, ಪಾಲುಗಾರ

ಊಟವೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಅತಿಥಿಯನ್ನು ದೇವರೆಂದು ಕಾಣುವ ಸಂಪ್ರದಾಯವು ದೊಡ್ಡದು. ಆದರೆ ದೇವರಿಗೆ ನೈವೇದ್ಯವನ್ನು ಕೊಡುತ್ತಾರೆಯೇ ಹೊರತು ಕೆಲಸವನ್ನು ಕೊಡುವುದಿಲ್ಲ. ಯಾರಿಗೂ ತನ್ನಿಂದ ಏನೂ ಆಗಬೇಕಾಗಿಲ್ಲವೆಂಬ ಭಾವನೆಯು ಹಸಿವಿನಷ್ಟೇ ಮನುಷ್ಯನನ್ನು ಕುಗ್ಗಿಸುತ್ತದೆ. ಪ್ರಯೋಗಶಾಲೆ ಮುಚ್ಚಿದಾಗ ಸಂಶೋಧಕನಿಗೆ ತಟ್ಟಿದ ಮುಖ್ಯ ನೋವು ಇದೇ: ಬೆಳಗ್ಗೆ ಏಳಲು ಕಾರಣವಿರಲಿಲ್ಲ.

ಆದುದರಿಂದ ಅವನಿಗೆ ಪಾಲು ಕೊಡಬೇಕು. ಅರಬ್ಬಿ, ಫಾರಸಿ, ಫ್ರೆಂಚ್ ಭಾಷೆ ಬಲ್ಲವನು ಮನೆಯ ಮಕ್ಕಳಿಗೆ ನಾಲ್ಕು ಮಾತು ಕಲಿಸಲಿ. ಸಂಖ್ಯಾಶಾಸ್ತ್ರ ಬಲ್ಲವನು ಹನ್ನೆರಡನೆಯ ತರಗತಿಯ ಹುಡುಗಿಗೆ ಲೆಕ್ಕ ಹೇಳಿಕೊಡಲಿ. ಸಂಘದ ಆರೋಗ್ಯ ಶಿಬಿರದಲ್ಲಿ ಹೆಸರು ಬರೆದುಕೊಳ್ಳಲಿ, ಕ್ರೀಡಾಕೂಟದಲ್ಲಿ ಓಡಲಿ, ತನ್ನ ದೇಶದ ಬೇಸಾಯದ ಬಗೆಗೆ ಒಂದು ಸಂಜೆ ಮಾತನಾಡಲಿ. ಸುಡಾನಿನವರ ನಿತ್ಯದ ಆಹಾರವಾದ ‘ಕಿಸ್ರ’ವು ಹುಳಿ ಬರಿಸಿದ ಜೋಳದ ಹಿಟ್ಟಿನಿಂದ ಮಾಡಿದ ತೆಳುವಾದ ರೊಟ್ಟಿ. ವಿಜಯಪುರ, ಕಲಬುರಗಿಗಳಿಂದ ಬಂದ ಕನ್ನಡ ಗೃಹಿಣಿಗೂ ಸುಡಾನಿನ ವಿದ್ಯಾರ್ಥಿನಿಗೂ ಜೋಳದ ಹಿಟ್ಟಿನ ಮುಂದೆ ಕುಳಿತು ಮಾತನಾಡಲು ಎಷ್ಟೊಂದು ವಿಷಯಗಳಿವೆ! ಸಹಜೀವನವೆಂಬ ಶಬ್ದಕ್ಕೆ ಕೊಡುವವನೂ ಪಡೆಯುವವನಾಗಬೇಕೆಂಬ ಅರ್ಥವಿದೆ.

ಇಲ್ಲಿ ಪುಣೆಯ ಹಳೆಯ ಮಹಾಮಾರಿಯೊಂದು ನೆನಪಿಗೆ ಬರುತ್ತದೆ. 1897ರ ಪ್ಲೇಗಿನಲ್ಲಿ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದನು. ರೋಗಿಯನ್ನು ಬೇರ್ಪಡಿಸಬೇಕೆಂಬುದು ತಪ್ಪಲ್ಲದಿದ್ದರೂ ಜನರು ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಆಕ್ರೋಶವು ಬೆಳೆದು, ಜೂನ್ 22ರಂದು, ಇಂದು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವಾಗಿರುವ ಗಣೇಶಖಿಂಡದ ಅಂದಿನ ಸರಕಾರಿ ಭವನದಿಂದ ಮರಳುವಾಗ ಅವನ ಮೇಲೆ ಗುಂಡು ಹಾರಿತು. ಅದೇ ವರ್ಷದ ಮಾರ್ಚ್ 10ರಂದು, ಹಡಪಸರದ ಬಳಿ ಮಗ ಯಶವಂತನು ತೆರೆದಿದ್ದ ಚಿಕಿತ್ಸಾಲಯದಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆಯವರು ಅದೇ ರೋಗಕ್ಕೆ ತುತ್ತಾಗಿ ತೀರಿಕೊಂಡಿದ್ದರು. ಆಗ ಅವರಿಗೆ 66 ವರ್ಷ. 2014ರಲ್ಲಿ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟುದು ಸಾರ್ಥಕವಾಯಿತು. ಅಪರಿಚಿತನು ಬಾಗಿಲು ತಟ್ಟಿದರೆ ರೋಗಿಯು ಅಡಗುತ್ತಾನೆ. ಪರಿಚಿತರು ತಟ್ಟಿದರೆ ಬಾಗಿಲು ತೆರೆಯುತ್ತಾನೆ. ದೇಹದ ರೋಗಕ್ಕೆ ಸಲ್ಲುವ ಈ ಮಾತು ಮನಸ್ಸಿನ ರೋಗಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಕೆಲವು ಆಕ್ಷೇಪಗಳು

ಇದು ವಿಶ್ವವಿದ್ಯಾಲಯದ ಕರ್ತವ್ಯ, ಸಂಘದ್ದಲ್ಲ ಎಂದು ಕೆಲವರು ಹೇಳಬಹುದು. ಕರ್ತವ್ಯವು ವಿಶ್ವವಿದ್ಯಾಲಯದ್ದೇ, ಅದನ್ನು ಅದು ಮಾಡಲೇಬೇಕು. ಆದರೆ ಕಚೇರಿಯು ಸಂಜೆ ಮುಚ್ಚುತ್ತದೆ. ಒಂಟಿತನವು ಸಂಜೆಯ ಮೇಲೆಯೇ ತೆರೆಯುತ್ತದೆ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕೇಂದ್ರಗಳ ಮೂಲಕವೇ ಹೆಸರುಗಳನ್ನು ಪಡೆದು, ಒಪ್ಪಿದವರನ್ನು ಮಾತ್ರ ಕೂಡಿಸಿದರೆ ಎರಡೂ ಕಡೆಗೆ ಭರವಸೆಯಿರುತ್ತದೆ.

ಬೀದರಿನಿಂದಲೋ ರಾಯಚೂರಿನಿಂದಲೋ ಬಂದು ಪುಣೆಯಲ್ಲಿ ಒದ್ದಾಡುವ ನಮ್ಮ ಕನ್ನಡ ಹುಡುಗರೇ ಇರುವಾಗ ಪರದೇಶದವರ ಚಿಂತೆ ಏಕೆ ಎಂಬುದು ಎರಡನೆಯ ಆಕ್ಷೇಪ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಒಂದು ತಟ್ಟೆ ಇಡುವ ಮನೆಗೆ ಎರಡನೆಯದನ್ನು ಇಡುವುದು ಕಠಿಣವಲ್ಲ. ಒಂದೇ ಪಂಕ್ತಿಯಲ್ಲಿ ಬೀದರಿನ ಹುಡುಗನೂ ನೇಪಾಳದ ಹುಡುಗನೂ ಕುಳಿತರೆ ಇಬ್ಬರಿಗೂ ಒಬ್ಬ ಗೆಳೆಯ ಸಿಕ್ಕಂತಾಗುತ್ತದೆ. ಊರಿನ ಹುಡುಗನಿಗೆ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಮನೆ. ಇನ್ನೊಬ್ಬನಿಗೆ ಆ ಬಸ್ಸಿಲ್ಲ. ಈ ಅಂತರವನ್ನು ಮರೆಯಲಾಗದು.

ಪೋಲೀಸರ ತೊಂದರೆ ಬಂದೀತೆಂಬ ಅಂಜಿಕೆ ಮೂರನೆಯದು. ವಿದೇಶಿಯರನ್ನು ಮನೆಯಲ್ಲಿ ತಂಗಿಸಿಕೊಂಡರೆ ಅಧಿಕಾರಿಗಳಿಗೆ ತಿಳಿಸುವ ನಿಯಮವುಂಟು, ಅದನ್ನು ಪಾಲಿಸಬೇಕು. ಮಧ್ಯಾಹ್ನದ ಊಟಕ್ಕೆ ಕರೆಯಲು ಅಂಥ ಕಾಗದಪತ್ರ ಬೇಕಾಗುವುದಿಲ್ಲ. ಬಣ್ಣವನ್ನು ಕಂಡು ಬಾಡಿಗೆಗೆ ಮನೆ ಕೊಡಲು ಹಿಂಜರಿಯುವ ಚಾಳಿಯನ್ನು ಮಾತ್ರ ಯಾವ ನಿಯಮದ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಗಮನಿಸಬೇಕಾದ ಲಕ್ಷಣಗಳು

ವಾರದ ಮನೆಯವರು ವೈದ್ಯರಾಗಬೇಕಾಗಿಲ್ಲ; ಕೆಲವು ಲಕ್ಷಣಗಳನ್ನು ಬಲ್ಲವರಾದರೆ ಸಾಕು. ನಿದ್ದೆ ಕೆಡುವುದು ಅಥವಾ ಹಗಲೆಲ್ಲ ಮಲಗುವುದು, ಹಸಿವು ತಗ್ಗುವುದು, ಮೈಮೇಲಿನ ಲಕ್ಷ್ಯ ತಪ್ಪುವುದು, ಮಾತು ಕಡಿಮೆಯಾಗುವುದು, ಇಷ್ಟವಾದ ಕೆಲಸದಲ್ಲಿಯೂ ಮನಸ್ಸಿಲ್ಲದಿರುವುದು, ಮಾರ್ಗದರ್ಶಕರ ಕರೆಗೆ ಉತ್ತರಿಸದಿರುವುದು: ಇವುಗಳಲ್ಲಿ ಹಲವು ಎರಡು ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬದುಕಿ ಪ್ರಯೋಜನವಿಲ್ಲವೆಂಬ ಮಾತು ಒಮ್ಮೆ ಕೇಳಿಬಂದರೂ ಎರಡು ವಾರ ಕಾಯಬಾರದು. ಅದೇ ದಿನ ಜೊತೆಗಿದ್ದು ವೈದ್ಯರನ್ನು ಕಾಣಿಸಬೇಕು. ಆ ವಿಷಯವನ್ನು ನೇರವಾಗಿ ಕೇಳಿದರೆ ಅಂಥ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಪ್ರಧಾನ ಕೇಂದ್ರ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಕೇಳಿದ ಗುಟ್ಟನ್ನು ನಾಲ್ಕು ಮನೆಗೆ ಹಂಚಬಾರದು, ಧರ್ಮ, ಆಹಾರ, ಉಡುಪುಗಳ ಬಗೆಗೆ ಉಪದೇಶ ಮಾಡಬಾರದು, ಬಾರೆನೆಂದವರನ್ನು ಬಲವಂತಪಡಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದುದು 2023ರ ಮೇ 5ರಂದು. ಹಾಗಿರುವಾಗ ಈಗೇಕೆ ಈ ವಿಚಾರವೆಂದು ಕೇಳಬಹುದು. ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲ. ಪರಿಚಯವೆಂಬುದು ಲಸಿಕೆಯಂತೆ ಕೆಲವು ತಿಂಗಳುಗಳಲ್ಲಿ ತಯಾರಾಗುವ ವಸ್ತುವೂ ಅಲ್ಲ. ಎಷ್ಟೋ ಭಾನುವಾರಗಳು ಅದಕ್ಕೆ ಬೇಕು. ಮುಂದಿನ ವಿಪತ್ತು ಯಾವ ಹೆಸರಿನಿಂದ ಬರುವುದೋ ತಿಳಿಯದು. ಅದು ಬರುವ ಹೊತ್ತಿಗೆ ಪುಣೆಯ ಒಂದೊಂದು ಕನ್ನಡ ಸಂಘಟನೆಯ ಬಳಿಯೂ ಇಪ್ಪತ್ತು ವಿದ್ಯಾರ್ಥಿಗಳ ಹೆಸರು, ಕೋಣೆಯ ವಿಳಾಸ, ಅವರನ್ನು ಬಲ್ಲ ಮನೆಗಳ ಹೆಸರು ಇರುವ ಒಂದು ಪುಸ್ತಕವಿದ್ದರೆ, ಇಪ್ಪತ್ತು ದೂರದ ಊರುಗಳಲ್ಲಿ ಇಪ್ಪತ್ತು ತಾಯಂದಿರು ರಾತ್ರಿ ನಿದ್ದೆ ಮಾಡಬಲ್ಲರು. ಆ ಪುಸ್ತಕದ ಮೊದಲ ಪುಟವನ್ನು ಬರೆಯಲು ಸಂಘದ ಮುಂದಿನ ಸಭೆಯೇ ಸಾಕು.